ಹಾಯಿಯೂ ಅಪ್ಪನ ಶಟರೂ

ಅಮೆರಿಕದಲ್ಲಿರೋ ಕಾಲೇಜು ಗೆಳೆಯ ಮೊನ್ನೆ ಫೋನ್ ಮಾಡಿದ್ದ. ಹೆಂಡತಿ ಜೊತೆ ದೂರ ಸುತ್ತೋಕೆ ಹಳೇ ಹಾಯಿದೋಣಿ ಕೊಳ್ತಾನಂತೆ. "ಮುಖ್ಯ ಹಾಯಿ ಕಂಬದೊಳಗೆ ಸುತ್ಕೊಳ್ಳೋದಿರ್ಲೋ, ಹಗ್ಗ ಬಿಟ್ಟು ಇಳಿಸೋ ಹಳೇ ಥರದ್ದೋ?" ಬೈರಿದೇವರಕೊಪ್ಪದ ನನಗೆ ಗೊತ್ತಿರೋ ನೀರು ಉಣಕಲ್ ಕೆರೆಯಷ್ಟೇ!

ಆದರೆ ಅಪ್ಪನ ಅಂಗಡಿಯ ರೋಲಿಂಗ್ ಶಟರ್ ಗೊತ್ತು. ಕಳೆದ ಮಳೆಗಾಲದಲ್ಲಿ ಅರ್ಧಕ್ಕೇ ಸಿಕ್ಕಿಕೊಂಡು ಒಳಗೆಲ್ಲ ನೀರು. ಸುತ್ತೋ ಹಾಯಿಯೂ ಹಾಗೇ. ಕೂತಲ್ಲಿಂದಲೇ ಬೇಕಾದಷ್ಟು ಸುತ್ತಬಹುದು. ಬಟ್ಟೆ ಹಳತಾಗಿ ಜೋತರೆ ಮಾತ್ರ ಸುರುಳಿ ಸಿಕ್ಕಿಕೊಳ್ಳುತ್ತೆ. ಬಿರುಗಾಳಿಯಲ್ಲಿ ಒಳಗೂ ಹೋಗದು, ಕೆಳಗೂ ಇಳಿಯದು. ಹಳೇದು ಹಗ್ಗ ಬಿಟ್ಟರೆ ತನ್ನ ಭಾರಕ್ಕೇ ಇಳಿಯುತ್ತೆ. ಆದರೆ ಎಷ್ಟೋ ದೋಣಿಗಳಲ್ಲಿ, ಹೊಯ್ದಾಟದ ನಡುವೆ ಕಂಬದ ತನಕ ಹೋಗಬೇಕು.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ಹೊಲಿಗೆ ಹಡಗು ‘ಕೌಂಡಿನ್ಯ’ ಹಳೇ ಕಾಲದ ಚೌಕ ಹಾಯಿಗಳಲ್ಲೇ 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಆದರೆ ಅಲ್ಲಿ ಹಗ್ಗ ಎಳೆಯೋಕೆ ತಂಡವೇ ಇತ್ತು. ಇವರು ಇಬ್ಬರೇ, ಇವನಿಗೆ ಬೆನ್ನುನೋವು ಬೇರೆ.

‘ಹಳೇದೇ ತಗೋ’ ಅನ್ನೋದರಲ್ಲಿದ್ದೆ. ಅಪ್ಪ ಅಂದರು: "ಶಟರ್ ಕೈಕೊಟ್ಟಿದ್ದು ಒಂದ ಸಲ. ಇಪ್ಪತ್ತ ವರ್ಷ ನಾ ಒಬ್ಬನ ಎತ್ತೇನಲೋ. ಎಣ್ಣಿ ಹಾಕದ್ದು ನನ್ನ ತಪ್ಪು."

ಗೆಳೆಯನಿಗೆ ಬರೆದೆ: "ಸುತ್ತೋದೇ ತಗೋ. ಬಟ್ಟೆ ಮಾತ್ರ ಹೊಸದು ಹೊಲಿಸು."

ನೀವಾಗಿದ್ರೆ ಏನಂತಿದ್ರಿ?