ಮಜ್ಜಿಗೆ ಹುಲ್ಲಿನ ಎಣ್ಣೆಯೂ ಡ್ರಮ್ಮಿನ ನೀರೂ

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಕಳೆದ ವಾರ ಪುಟ್ಟ ಸೀಸೆಯೊಂದನ್ನು ಹಿಡಿದು ಬಂದರು. "ಮೇಷ್ಟ್ರೇ, ಇದನ್ನ ನಾಲ್ಕು ತೊಟ್ಟು ಡ್ರಮ್ಮಿಗೆ ಹಾಕಿದ್ರೆ ಸೊಳ್ಳೆಮರಿ ಸತ್ತೋಗ್ತಾವಂತೆ. ಗಿಡದ್ದು ತಾನೆ, ಏನೂ ಆಗಲ್ಲ ಅಲ್ವಾ?" ಸೀಸೆಯಲ್ಲಿದ್ದುದು ಮಜ್ಜಿಗೆ ಹುಲ್ಲಿನ ಎಣ್ಣೆ. ಅವರ ಮೊಮ್ಮಗ ಹಿಂದಿನ ವರ್ಷ ಡೆಂಗ್ಯೂ ಜ್ವರದಿಂದ ಆರು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಆದ್ದರಿಂದ ಪ್ರಶ್ನೆ ಹಗುರವಾದದ್ದಲ್ಲ, ಉತ್ತರವೂ ಹಗುರವಾಗಿರಬಾರದು.

ಮೊದಲು ನಿಜವಾದ ಮಾತು. ಮಜ್ಜಿಗೆ ಹುಲ್ಲಿನ ಸಿಟ್ರಾಲ್, ಲವಂಗದ ಯೂಜೆನಾಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಇವೆಲ್ಲ ಸೊಳ್ಳೆಮರಿಗಳನ್ನು ಕೊಲ್ಲುತ್ತವೆ ಎಂಬುದು ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಸಿದ್ಧವಾದ ಸಂಗತಿ. ಇವು ಬೇವಿನೆಣ್ಣೆ, ಹೊಂಗೆಯೆಣ್ಣೆಗಳಂತೆ ಗಾಣದಲ್ಲಿ ಹಿಂಡಿದ ಜಿಡ್ಡಿನ ಎಣ್ಣೆಗಳಲ್ಲ. ಹಬೆ ಹಾಯಿಸಿ ಭಟ್ಟಿಯಿಳಿಸಿದ, ಗಾಳಿಗೆ ಆರಿಹೋಗುವ ಪರಿಮಳ ತೈಲಗಳು. ಒಂದೇ ರಾಸಾಯನಿಕ ಕೀಟನಾಶಕಕ್ಕೆ ಸೊಳ್ಳೆಗಳು ಒಗ್ಗಿಕೊಳ್ಳುತ್ತಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಅನೇಕ ವಸ್ತುಗಳ ಮಿಶ್ರಣವಾದ ಇಂಥ ತೈಲಕ್ಕೆ ಅಷ್ಟು ಬೇಗ ಒಗ್ಗಲಾರವು ಎಂಬ ನಿರೀಕ್ಷೆಯಿಂದಲೇ ವಿಜ್ಞಾನಿಗಳು ಇವುಗಳ ಬೆನ್ನು ಹತ್ತಿರುವುದು.

೨೦೦೬ರಲ್ಲಿ ನಮ್ಮ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹಬ್ಬಿ ಊರೂರೇ ಕುಂಟುತ್ತಿದ್ದಾಗ, ನಾನು ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಹಿಂದಿನ ತೊಟ್ಟಿಯಿಂದಲೇ ಲಾರ್ವಾಗಳನ್ನು ಹಿಡಿದು ತಂದರು. ಒಂದೊಂದು ಲೀಟರು ನೀರಿನ ಎರಡು ಜಾಡಿ, ಪ್ರತಿಯೊಂದರಲ್ಲಿ ಇಪ್ಪತ್ತು ಹುಳು. ಎಣ್ಣೆ ನೀರಿನಲ್ಲಿ ಬೆರೆಯದಾದ್ದರಿಂದ ಮೂರು ತೊಟ್ಟನ್ನು ಚೂರು ಸಾಬೂನು ನೀರಿನಲ್ಲಿ ಕದಡಿ ಒಂದಕ್ಕೆ ಹಾಕಿದೆವು. ಇನ್ನೊಂದಕ್ಕೆ ಬರೀ ಸಾಬೂನು ನೀರು. ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಣ್ಣೆಯ ಜಾಡಿಯ ಹುಳುಗಳೆಲ್ಲ ತಳದಲ್ಲಿದ್ದವು. ಮಕ್ಕಳ ಸಂಭ್ರಮ ಹೇಳತೀರದು. ಆದರೆ ಅದೇ ಜಾಡಿಯನ್ನು ತೆರೆದೇ ಇಟ್ಟು, ಐದನೆಯ ದಿನ ಹೊಸ ಹುಳುಗಳನ್ನು ಬಿಟ್ಟಾಗ ಅವು ಬಾಲ ಮೇಲೆ ಮಾಡಿ, ಉಸಿರ್ನಳಿಕೆಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು ಹಾಯಾಗಿದ್ದವು. ಪರಿಮಳದ ಜೊತೆಗೆ ಔಷಧವೂ ಹಾರಿಹೋಗಿತ್ತು. ಈ ನಡುವೆ, ಮೊದಲ ದಿನವೇ, ಕುತೂಹಲಿ ಹುಡುಗನೊಬ್ಬ ಎಣ್ಣೆಯ ನೀರನ್ನು ಅಷ್ಟಿಷ್ಟು ಬೇರೆ ಬಟ್ಟಲಿಗೆ ಸುರಿದು, ಅದರಲ್ಲಿ ಒಂದು ಗಪ್ಪಿ ಮೀನನ್ನು ಬಿಟ್ಟಿದ್ದ. ಅದು ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆಯೇ ಸತ್ತಿತು. ಆ ಹುಡುಗ ಆ ದಿನ ಯಾರೊಡನೆಯೂ ಮಾತನಾಡಲಿಲ್ಲ. ಮಿಕ್ಕವರೆಲ್ಲ ಹುಳು ಸತ್ತುದನ್ನು ಕಂಡರು, ಅವನೊಬ್ಬ ಔಷಧದ ಇನ್ನೊಂದು ಮುಖವನ್ನು ಕಂಡ.

ಇನ್ನು ಲೆಕ್ಕಕ್ಕೆ ಬರೋಣ. ಮೇಷ್ಟರಿಗೆ ಲೆಕ್ಕ ಬಿಟ್ಟರೆ ಗತಿಯಿಲ್ಲ. ಇಂಥ ತೈಲಗಳು ಕೆಲಸ ಮಾಡಲು ಸಾಮಾನ್ಯವಾಗಿ ಲೀಟರಿಗೆ ಹತ್ತಾರು ಮಿಲಿಗ್ರಾಂ ಬೇಕು. ಐವತ್ತು ಎಂದಿಟ್ಟುಕೊಂಡರೆ ೨೦೦ ಲೀಟರಿನ ಡ್ರಮ್ಮಿಗೆ ೧೦ ಗ್ರಾಂ, ಅಂದರೆ ನಾಲ್ಕು ತೊಟ್ಟಲ್ಲ, ಇನ್ನೂರು ತೊಟ್ಟು. ಅಷ್ಟನ್ನು ಇಳಿಸಲು ಎರಡು ಮೂರು ಕಿಲೋ ಹಸಿ ಹುಲ್ಲು ಬೇಕಾದೀತು. ಅದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಹಾಕುತ್ತಿರಬೇಕು; ಆ ನೀರಿನಲ್ಲಿ ಅನ್ನ ಬೇಯಿಸಿ ಉಣ್ಣಲೂ ಬೇಕು. ಇಲಾಖೆಯವರು ಹಾಕುವ ಟೆಮೆಫಾಸ್ ಲೀಟರಿಗೆ ಒಂದು ಮಿಲಿಗ್ರಾಂ ಸಾಕಾಗುತ್ತದೆ, ವಾರಗಟ್ಟಲೆ ಉಳಿಯುತ್ತದೆ.

"ಗಿಡದ್ದು ತಾನೆ" ಎಂಬ ಮಾತು ಬೇರೆ. ಕಾಸರಕನ ಬೀಜವೂ ಗಿಡದ್ದೇ, ಉಮ್ಮತ್ತಿಯೂ ಗಿಡದ್ದೇ. ನೆಗಡಿಗೆ ಹಚ್ಚುವ ನೀಲಗಿರಿ ತೈಲವನ್ನು ಮಗು ಒಂದು ಚಮಚ ಕುಡಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಹಾಗೆಂದು ನಾನು ತೈಲದ ವೈರಿಯೇನಲ್ಲ. ಕುಡಿಯದ, ಮೀನಿಲ್ಲದ, ಬರಿದು ಮಾಡಲಾಗದ ಸಣ್ಣಪುಟ್ಟ ನೀರಿಗೆ ಹಾಕುವುದಾದರೆ ಹಾಕಲಿ. ತೈಲವನ್ನು ಸೂಕ್ಷ್ಮ ಕೋಶಗಳಲ್ಲಿ ತುಂಬಿ ನಿಧಾನವಾಗಿ ಬಿಡುವಂತೆ ಮಾಡುವ ಸಂಶೋಧನೆಗಳೂ ನಡೆದಿವೆ. ಅವು ಫಲಿಸಿದರೆ ಲೆಕ್ಕ ಬದಲಾಗಬಹುದು.

ನಿಸರ್ಗದ್ದೇ ಬೇಕೆನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಬೇರೆ ಉದಾಹರಣೆಯಿದೆ. ೧೯೯೦ರ ದಶಕದಲ್ಲಿ ಕಾಮಸಮುದ್ರದ ಕಡೆಯ ಹಳ್ಳಿಗಳ ಬಾವಿಗಳಿಗೆ ಲಾರ್ವಾ ತಿನ್ನುವ ಮೀನುಗಳನ್ನು ಬಿಟ್ಟು ಮಲೇರಿಯಾವನ್ನು ಹಿಮ್ಮೆಟ್ಟಿಸಿದರು. ಅದಕ್ಕೂ ಬಹಳ ಹಿಂದೆ, ೧೮೮೦ರ ದಶಕದಲ್ಲಿ, ಬೆಂಗಳೂರಿನ ದಂಡಿನಲ್ಲಿ ತರುಣ ವೈದ್ಯನಾಗಿದ್ದ ರೊನಾಲ್ಡ್ ರಾಸ್ ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ಪೀಪಾಯಿಯಲ್ಲಿ ಸೊಳ್ಳೆಮರಿಗಳನ್ನು ಕಂಡ. ನೀರನ್ನು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಆತ ಸಿಕಂದರಾಬಾದಿನಲ್ಲಿ ಕಂಡದ್ದು ಆಮೇಲೆ, ೧೮೯೭ರಲ್ಲಿ.

ಆದರೆ ನೀರನ್ನು ಚೆಲ್ಲಿ ಎಂದು ನಮ್ಮ ಬೀದಿಯವರಿಗೆ ಹೇಳುವ ಧೈರ್ಯ ಯಾರಿಗಿದೆ? ಇಲ್ಲಿ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೇಕಾದದ್ದೂ ಬಿಸಿಲ ನಾಡಿನಲ್ಲಿ ಹೆಚ್ಚುಕಡಿಮೆ ಅಷ್ಟೇ ದಿನ. ೨೦೨೪ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿತು. ಎಂಟು ದಿನಕ್ಕೊಮ್ಮೆ ನೀರು ಬಿಡುವವರಿಗೆ ದಂಡವೆಷ್ಟೋ ನನ್ನ ಕಣ್ಣಿಗೆ ಬೀಳಲಿಲ್ಲ.

ಅಜ್ಜಿಗೆ ಹೇಳಿದ್ದಿಷ್ಟು: ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಹಗ್ಗದಿಂದ ಬಿಗಿಯಾಗಿ ಕಟ್ಟಿ. ನಲ್ಲಿ ಬರುವ ದಿನ ಹಳೆಯ ನೀರಿನ ಮೇಲೆ ಹೊಸದನ್ನು ತುಂಬಬೇಡಿ. ತಳದ ನೀರನ್ನು ಗಿಡಗಳಿಗೆ ಹಾಕಿ, ಡ್ರಮ್ಮಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ತಿಕ್ಕಿ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿನ ಆ ಗೋಡೆಗೆ. ನೀರು ಒಣಗಿದರೂ ಅವು ತಿಂಗಳುಗಟ್ಟಲೆ ಅಲ್ಲೇ ಜೀವ ಹಿಡಿದುಕೊಂಡಿರುತ್ತವೆ.