ಎಲೆ ಕೆಂಪಾಗುವ ವಾರದ ಆಯುಧಪೂಜೆ

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡವನಿಗೆ ವರ್ಷದಲ್ಲಿ ರಜೆ ಅಂತ ಸಿಗುವುದು ಆಯುಧಪೂಜೆಯ ಆಸುಪಾಸಿನ ನಾಲ್ಕೈದು ದಿನ ಮಾತ್ರ. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದ ಕೂಡಲೇ ಕಿವಿಗೆ ಬೀಳುವ ಗ್ರೈಂಡರ್, ಡ್ರಿಲ್ಲಿಂಗ್, ಪ್ರೆಸ್ಸಿನ ಸದ್ದು ಆಗ ನಿಲ್ಲುತ್ತದೆ. ಹುಡುಗರು ಊರಿಗೆ ಹೋಗುತ್ತಾರೆ. ಜಾಬ್ ವರ್ಕ್ ಕೊಡುವವರೂ ತಗಾದೆ ಮಾಡುವುದಿಲ್ಲ. ಟೊರಾಂಟೊದಲ್ಲಿರುವ ಮಗಳು, "ಅಪ್ಪ, ಬರೋದಾದ್ರೆ ಅಕ್ಟೋಬರ್‌ನಲ್ಲೇ ಬನ್ನಿ, ಎಲೆ ಕೆಂಪಾಗೋ ಕಾಲ" ಅಂದಾಗ ಮನಸ್ಸು ಹಿಗ್ಗಿತು. ಮರುಗಳಿಗೆಗೆ, ಹಾಗಾದರೆ ಪೂಜೆಗೆ ನಾನಿರುವುದಿಲ್ಲವಲ್ಲ ಅನ್ನಿಸಿತು. ಶೆಡ್ ಶುರುವಾದಾಗಿನಿಂದ ನಮ್ಮ ಯಂತ್ರಗಳಿಗೆ ನಾನಿಲ್ಲದೆ ಆರತಿ ಎತ್ತಿದ್ದೇ ಇಲ್ಲ.

ತಾರೀಖು ಬದಲಿಸಲು ನೋಡಿದೆವು, ಆಗಲಿಲ್ಲ. 2024ರಲ್ಲಿ ಆಯುಧಪೂಜೆ ಅಕ್ಟೋಬರ್ 11, ಶುಕ್ರವಾರ, ಮರುದಿನ ವಿಜಯದಶಮಿ. ಕೆನಡಾದವರ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರ್ ತಿಂಗಳ ಎರಡನೇ ಸೋಮವಾರ, ಆ ವರ್ಷ 14ಕ್ಕೆ. ಬೆಳೆ ಮನೆ ಸೇರಿದ್ದಕ್ಕೆ ಕೃತಜ್ಞತೆ ಹೇಳುವ ಹಬ್ಬ ಅದು. ಅಳಿಯನಿಗೆ ಸೋಮವಾರ ಹೇಗೂ ರಜೆ, ಶುಕ್ರವಾರ ಒಂದು ದಿನ ಬಿಡಿಸಿಕೊಂಡರೆ ನಾಲ್ಕು ದಿನ ಕೈಗೆ ಸಿಗುತ್ತದೆ. ಎಲೆಗಳ ಬಣ್ಣ ಆ ವಾರ ದಾಟಿ ಹೆಚ್ಚು ದಿನ ಕಾಯುವುದಿಲ್ಲ. ಒಂದು ಜೋರು ಮಳೆ, ಒಂದು ಜೋರು ಗಾಳಿ ಬಂದರೆ ಮುಗಿಯಿತು. ನಮ್ಮ ಮೇಸ್ತ್ರಿ, ನನ್ನ ಅಪ್ಪನ ಕಾಲದಿಂದಲೂ ಇರುವ ಟರ್ನರ್, ಒಂದೇ ಮಾತಿನಲ್ಲಿ ಮುಗಿಸಿದರು: "ನೀವು ಹೋಗ್ಬನ್ನಿ ಸಾರ್. ಪೂಜೆ ಸಂಜೆ ಆರಕ್ಕಿಟ್ಕೋತೀನಿ. ಅಲ್ಲಿ ಎಷ್ಟ್ ಗಂಟೆ ಆಗಿರುತ್ತೆ, ಕೇಳಿ ಹೇಳಿ." ಬೆಳಿಗ್ಗೆ ಎಂಟೂವರೆ ಆಗಿರುತ್ತದೆ. ನಮಗೂ ಅವರಿಗೂ ಆಗ ಒಂಬತ್ತೂವರೆ ಗಂಟೆ ಅಂತರ.

ವೀಸಾ, ಬೆರಳಚ್ಚು, ವಿಮಾನದ ಟಿಕೆಟ್ಟು ಎಲ್ಲ ಬೇಸಿಗೆಯಲ್ಲೇ ಮುಗಿಯಿತು. ಹಟ ನಡೆದದ್ದು ಆ ನಾಲ್ಕು ದಿನಗಳ ವಿಷಯದಲ್ಲಿ. ಮಗಳು ಕಳಿಸಿದ ಪಟ್ಟಿಯಲ್ಲಿ ನಯಾಗರ, ಕಿಂಗ್‌ಸ್ಟನ್, ಒಟ್ಟಾವ, ಮಾಂಟ್ರಿಯಲ್, ಕ್ವಿಬೆಕ್ ಎಲ್ಲ ಇದ್ದವು. ಕ್ವಿಬೆಕ್ ಅಂದರೆ 1608ರಲ್ಲಿ ಕಟ್ಟಿದ ಊರು, ಹತ್ತಿರದಲ್ಲೇ 83 ಮೀಟರ್ ಎತ್ತರದ ಮಾಂಟ್‌ಮೊರೆನ್ಸಿ ಜಲಪಾತ. ಅವಳ ಆಸೆ ತಪ್ಪಲ್ಲ. ಆದರೆ ಟೊರಾಂಟೊದಿಂದ ಅಲ್ಲಿಗೆ ಸುಮಾರು 800 ಕಿಲೋಮೀಟರ್. ಹೋಗಿ ಬರುವುದರಲ್ಲೇ ಎರಡು ಹಗಲು ಕಾರಿನಲ್ಲಿ ಕಳೆಯುತ್ತದೆ. ನನ್ನ ಹೆಂಡತಿಗೆ ಮಂಡಿನೋವು, ಮೊಮ್ಮಗನಿಗೆ ಮೂರು ವರ್ಷ. "ಜೋಗ ನೋಡಿದೋಳಿಗೆ ಇನ್ನೊಂದು ಜಲಪಾತ ಯಾಕೆ? ಒಂದ್ ಕಡೆ ಕೂತ್ಕೊಂಡು ನೋಡೋಣ ಕಣ್ರೀ" ಅಂದಳು ಅವಳು. ಒಟ್ಟಾವ ಒಂದೇ ಅಂತ ಗಟ್ಟಿಯಾಯಿತು. ಟೊರಾಂಟೊದಿಂದ 450 ಕಿಲೋಮೀಟರ್. ನದಿ ದಾಟಿದರೆ ಗ್ಯಾಟಿನೊ ಪಾರ್ಕಿನ ಕಾಡು. ರಜೆಯ ವಾರಾಂತ್ಯಕ್ಕೆ ರೂಮು ಸಿಗುವುದು ಕಷ್ಟವೆಂದು ಜುಲೈನಲ್ಲೇ ಕಾದಿರಿಸಿದರು.

ಗುರುವಾರ ಮಧ್ಯಾಹ್ನ ಹೊರಟೆವು. ದಾರಿಯುದ್ದಕ್ಕೂ ತೋಟದ ಅಂಗಡಿಗಳ ಮುಂದೆ ಕಿತ್ತಳೆ ಬಣ್ಣದ ಕುಂಬಳಕಾಯಿ ರಾಶಿ. ನಮ್ಮ ಕಡೆ ಅದೇ ವಾರ ಮಾರ್ಕೆಟ್ಟಿನಲ್ಲಿ ಬೂದುಗುಂಬಳ ಪೇರಿಸಿರುತ್ತಾರೆ. ಎರಡೂ ಕಡೆ ಹಬ್ಬಕ್ಕೆ ಕುಂಬಳವೇ ಬೇಕಾದದ್ದು ನೋಡಿ ಹೆಂಡತಿಗೆ ತುಂಬಾ ಸಂತೋಷ. ಮೊಮ್ಮಗ ತನ್ನ ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದೊಂದನ್ನು ಆರಿಸಿ, ಒಟ್ಟಾವ ತಲುಪುವವರೆಗೂ ಮಡಿಲಲ್ಲಿಟ್ಟುಕೊಂಡಿದ್ದ.

ಮರುದಿನ ಎಂಟೂವರೆಗೆ ಹೋಟೆಲ್ ರೂಮಿನಲ್ಲಿ ಐದೂ ಜನ ಒಂದು ಫೋನಿನ ಮುಂದೆ ಕೂತೆವು. ಲೇತುಗಳಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ; ಬಾಗಿಲಿಗೆ ಬಾಳೆಕಂದು. ಮೇಸ್ತ್ರಿ ಹೊಸ ಪಂಚೆ ಉಟ್ಟಿದ್ದರು. ಮಂಗಳಾರತಿ ತಟ್ಟೆಯನ್ನು ಫೋನಿನ ಹತ್ತಿರ ತಂದು ನಮಗೆ ಹಿಡಿದರು. ಬೂದುಗುಂಬಳ ಒಡೆದ ಸದ್ದು ಕೇಳಿ ಮೊಮ್ಮಗ ತನ್ನ ಕಾಯಿಯನ್ನು ಅಪ್ಪಿಕೊಂಡ. ಆಮೇಲೆ ಕೆಳಗಿಳಿದು ಅಳಿಯನ ಕಾರಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ಹೊರಟೆವು. ಪೂಜೆ ತಪ್ಪಿಸಿಕೊಂಡೆನೆಂಬ ಸಂಕಟ ಅಲ್ಲಿಗೆ ಇಳಿಯಿತು.

ನಾನು ಬಂದದ್ದು ಎಲೆ ನೋಡಲು. ನನ್ನನ್ನು ಹಿಡಿದು ನಿಲ್ಲಿಸಿದ್ದು ರಿಡೊ ಕಾಲುವೆ. ಒಟ್ಟಾವದಿಂದ ಕಿಂಗ್‌ಸ್ಟನ್‌ವರೆಗೆ 202 ಕಿಲೋಮೀಟರ್. ಅಮೆರಿಕದ ಜೊತೆ ಯುದ್ಧವಾದ ಮೇಲೆ, ಗಡಿಯ ಹೊಳೆಯಲ್ಲಿ ದೋಣಿ ಸಾಗಿಸುವುದು ಅಪಾಯವೆಂದು ಬ್ರಿಟಿಷರು ಒಳನಾಡಿನಲ್ಲಿ ಮಾಡಿಕೊಂಡ ದಾರಿ. ಕರ್ನಲ್ ಜಾನ್ ಬೈ ಎಂಬ ಎಂಜಿನಿಯರ್ 1826ರಲ್ಲಿ ಶುರುಮಾಡಿ 1832ರಲ್ಲಿ ಮುಗಿಸಿದ. ಒಟ್ಟಾವಕ್ಕೆ ಮೊದಲಿದ್ದ ಹೆಸರು ಅವನದೇ, ಬೈಟೌನ್. ಅಗೆದವರು ಐರಿಷ್ ಮತ್ತು ಫ್ರೆಂಚ್ ಕೆನಡಿಯನ್ ಕೂಲಿಗಳು. ಸುಮಾರು ಒಂದು ಸಾವಿರ ಜನ ಸತ್ತರು, ಅವರಲ್ಲಿ ಎಷ್ಟೋ ಮಂದಿ ಮಲೇರಿಯಾದಿಂದ. ಚಳಿಗಾಲದಲ್ಲಿ ಕಾಲುವೆಯೇ ಹೆಪ್ಪುಗಟ್ಟುವ ಆ ಊರಿನಲ್ಲಿ ಮಲೇರಿಯಾ ಎಂದರೆ ನಂಬುವುದು ಕಷ್ಟ. ಬೇಸಿಗೆಯ ಜೌಗಿನಲ್ಲಿ ಸೊಳ್ಳೆಗಳು ಅಷ್ಟಿದ್ದವು.

ಪಾರ್ಲಿಮೆಂಟ್ ಗುಡ್ಡದ ಪಕ್ಕದಲ್ಲಿ ಕಾಲುವೆ ನದಿಗಿಳಿಯುವುದು ಎಂಟು ಕಲ್ಲಿನ ತೊಟ್ಟಿಗಳ ಮೂಲಕ, ಮೆಟ್ಟಿಲಿನ ಹಾಗೆ, ಸುಮಾರು 24 ಮೀಟರ್. ಅವನ್ನು ಲಾಕ್ ಅನ್ನುತ್ತಾರೆ. ದೋಣಿ ಒಂದು ತೊಟ್ಟಿಗೆ ಬರುತ್ತದೆ, ಹಿಂದಿನ ಮರದ ಬಾಗಿಲು ಮುಚ್ಚುತ್ತದೆ, ನಮ್ಮ ಕೆರೆಗಳ ತೂಬು ಎತ್ತಿದಂತೆ ತೂಬು ಎತ್ತಿ ನೀರು ಬಿಡುತ್ತಾರೆ. ನೀರಿನ ಜೊತೆ ದೋಣಿಯೂ ಇಳಿದು ಕೆಳಗಿನ ತೊಟ್ಟಿಗೆ ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಮೋಟರಿಲ್ಲ, ಕರೆಂಟಿಲ್ಲ. ಇಬ್ಬರು ಹುಡುಗರು ಎರಡು ದಡದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಹಲ್ಲಿನ ಗೇರು ಸುತ್ತಿ, ಸರಪಳಿ ಎಳೆದು, ಆ ಭಾರೀ ಬಾಗಿಲು ಸರಿಯುತ್ತದೆ. ನಾನು ಒಂದೂವರೆ ಗಂಟೆ ಅಲ್ಲೇ ನಿಂತೆ. ಅಲ್ಲಿದ್ದ ಹುಡುಗಿಯೊಬ್ಬಳು ನನ್ನ ಆಸೆ ಕಂಡು ಹಿಡಿಕೆ ಕೈಗೆ ಕೊಟ್ಟಳು. ಮೊದಲ ಅರ್ಧ ಸುತ್ತು ಬಿಗಿ, ಆಮೇಲೆ ಹಗುರ. ಇನ್ನೂರು ವರ್ಷದ ಹತ್ತಿರ ಬಂದ ಕೆಲಸ ಅದು, ಇನ್ನೂ ನಡೆಯುತ್ತಿದೆ. ಆಯುಧಪೂಜೆಯ ದಿನ ಅದಕ್ಕೂ ಮನಸ್ಸಿನಲ್ಲೇ ಕೈಮುಗಿದೆ.

ವಿಜಯದಶಮಿಯಂದು ಗ್ಯಾಟಿನೊ. 361 ಚದರ ಕಿಲೋಮೀಟರ್ ಕಾಡು, ರಾಜಧಾನಿಯ ಬಾಗಿಲಿಗೇ ತಾಗಿದೆ. ಶಾಂಪ್ಲೇನ್ ನೋಟತಾಣದಿಂದ ಕೆಳಗೆ ಒಟ್ಟಾವ ಕಣಿವೆಯ ಹೊಲಗಳು, ಅಂಚಿನುದ್ದಕ್ಕೂ ಮೇಪಲ್ ಮರಗಳು. ಎತ್ತರದಲ್ಲಿ ಕೆಂಪು ಆಗಲೇ ಅರ್ಧ ನೆಲಕ್ಕಿಳಿದಿತ್ತು, ತಗ್ಗಿನಲ್ಲಿ ಇನ್ನೂ ಉರಿಯುತ್ತಿತ್ತು. ಹಗಲು ಕುಗ್ಗಿ ರಾತ್ರಿ ತಣ್ಣಗಾದಾಗ ಎಲೆಯ ಹಸಿರು ಕರಗುತ್ತದಂತೆ. ಹಳದಿ ಮೊದಲಿನಿಂದಲೂ ಅಡಿಯಲ್ಲಿ ಇದ್ದದ್ದು, ಈಗ ಕಾಣಿಸುತ್ತದೆ ಅಷ್ಟೇ. ಕೆಂಪನ್ನು ಮಾತ್ರ ಎಲೆ ಕೊನೆಗಾಲದಲ್ಲಿ ಹೊಸದಾಗಿ ತಯಾರಿಸುತ್ತದೆ. ಮಗಳು ಇದನ್ನು ಹೇಳಿದ ಮೇಲೆ ಪ್ರತಿ ಎಲೆಯನ್ನೂ ಬೇರೆ ಕಣ್ಣಿನಿಂದ ನೋಡಿದೆ. ನಮ್ಮ ಹೊಂಗೆ ಯುಗಾದಿಯ ಹೊತ್ತಿಗೆ ಎಲೆ ಉದುರಿಸಿ ಕೆಲವೇ ದಿನದಲ್ಲಿ ಚಿಗುರುತ್ತದೆ; ಇವು ಆರು ತಿಂಗಳು ಬೋಳಾಗಿ ನಿಲ್ಲಬೇಕು. ಹೆಂಡತಿ ಬೆಂಚಿನ ಮೇಲೆ ಕೂತಳು, ಎರಡು ಗಂಟೆ ಏಳಲಿಲ್ಲ. ಬನ್ನಿಯ ಬದಲು ಮೇಪಲ್ ಎಲೆಯನ್ನೇ ನಮ್ಮ ಕೈಗೆ ಕೊಟ್ಟು, ಬಂಗಾರದ ಹಾಗೆ ಇರೋಣ ಅಂದಳು.

ಭಾನುವಾರ ಪಾರ್ಲಿಮೆಂಟಿನ ಹೊರಗೆ ಅಡ್ಡಾಡಿದೆವು. ಮುಖ್ಯ ಕಟ್ಟಡ ದುರಸ್ತಿಗಾಗಿ 2019ರಿಂದ ಮುಚ್ಚಿದೆ. ಸಂಸದರು ಸೇರುವುದು ವೆಸ್ಟ್ ಬ್ಲಾಕ್‌ನಲ್ಲಿ. ಶಿರಾ ತಾಲ್ಲೂಕಿನ ದ್ವಾರಾಳಿನಲ್ಲಿ ಹುಟ್ಟಿ, ಇಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕನ್ನಡದಲ್ಲಿ ಮಾತಾಡಿದ್ದು ಇಲ್ಲೇ. ಹೆಂಡತಿಯ ತವರು ಶಿರಾದ ಕಡೆಯದೇ. ಆ ಗೋಡೆಯ ಮುಂದೆ ಅವಳನ್ನು ನಿಲ್ಲಿಸಿ ತೆಗೆದ ಫೋಟೊ ಈಗ ನಮ್ಮ ಮನೆಯ ಷೋಕೇಸಿನಲ್ಲಿದೆ.

ಲಾಕಿನ ಫೋಟೊಗಳನ್ನು ಮೇಸ್ತ್ರಿಗೆ ಕಳಿಸಿದ್ದೆ. ಅಂದು ರಾತ್ರಿ ಉತ್ತರ ಬಂತು: "ಸಾರ್, ಗೇರಿನ ಹಲ್ಲು ಎಷ್ಟು ದಪ್ಪ?" ಕಾಲುವೆ ವರ್ಷಕ್ಕೊಮ್ಮೆ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ದೋಣಿಗಳಿಗೆ ಮುಚ್ಚುತ್ತದೆ. ಸೋಮವಾರ ಟೊರಾಂಟೊಗೆ ಹೊರಡುವ ಮೊದಲು ಹತ್ತು ನಿಮಿಷ ಕಾರು ನಿಲ್ಲಿಸಲು ಹೇಳಿ ಕೆಳಗೆ ಓಡಿದೆ. ಸ್ಟೀಲ್ ರೂಲು ಇರಲಿಲ್ಲ. ಗೇರಿನ ಪಕ್ಕದಲ್ಲಿ ನನ್ನ ಹಸ್ತವಿಟ್ಟು ಫೋಟೊ ತೆಗೆದು ಕಳಿಸಿದೆ. ನನ್ನ ಬೆರಳಿನ ಅಳತೆ ಮೇಸ್ತ್ರಿಗೆ ಗೊತ್ತು.