ಕಾಲೇಜಿನ ಬೀರುವಿನಲ್ಲಿದ್ದ ನನ್ನ ಅಂಕಪಟ್ಟಿಗಳು

ನಮ್ಮದು ತಮಿಳುನಾಡಿನ ಮೆಟ್ಟುಪಾಳ್ಯಂ ಹತ್ತಿರದ ಸಿರುಮುಗೈ. ದೇವಾಂಗರ ಮನೆ, ಆಡುವುದು ಕನ್ನಡ, ಓದಿದ್ದು ತಮಿಳು. ಕನ್ನಡ ಅಕ್ಷರ ತಿದ್ದಿಸಿದವರು ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ನಮ್ಮಜ್ಜಿ. ಅಪ್ಪನಿಗೆ ಎರಡು ಮಗ್ಗ, ರೇಷ್ಮೆ ಸೀರೆ ನೇಯುತ್ತಿದ್ದರು. ಕೊಯಮತ್ತೂರಿನ ಸರ್ಕಾರಿ ಕಲಾ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಮುಗಿಸುವವರೆಗೆ ಹಣ ನನಗೆ ಅಡ್ಡ ಬರಲಿಲ್ಲ. ಟೀಚರ್ ಆಗಬೇಕು ಎಂದ ದಿನದಿಂದ ಅಡ್ಡ ಬಂತು.

ಒಂದೇ ವರ್ಷವಿದ್ದ ಬಿ.ಎಡ್. 2015ರಿಂದ ಎರಡು ವರ್ಷವಾಗಿತ್ತು. ಒಳ್ಳೆಯ ಶಿಕ್ಷಕರನ್ನು ತಯಾರು ಮಾಡಲು ಒಂದು ವರ್ಷ ಸಾಲದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕೂಲಿ ಮಾಡಿ ಉಣ್ಣುವ ಮನೆಗೆ ಆ ಇನ್ನೊಂದು ವರ್ಷ ಎರಡು ಪೆಟ್ಟು ಕೊಡುತ್ತದೆ. ಫೀಸು ಕಟ್ಟಬೇಕು, ದುಡಿಯುವ ಮಗಳ ಸಂಪಾದನೆಯನ್ನೂ ಬಿಡಬೇಕು. ಸರ್ಕಾರಿ ಸೀಟು ಸಿಗದೆ 2017ರಲ್ಲಿ ಖಾಸಗಿ ಕಾಲೇಜು ಸೇರಿದೆ. ಮೊದಲ ವರ್ಷಕ್ಕೆ ಅಮ್ಮನ ಓಲೆ, ಸರ ಅಡ ಹೋದವು. ಎರಡನೆಯ ವರ್ಷಕ್ಕೆ ಅಪ್ಪ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದರು. ಒಟ್ಟು ಇಪ್ಪತ್ತು ವಾರ ಶಾಲೆಗಳಲ್ಲಿ ಪಾಠ ಮಾಡುವ ತರಬೇತಿ, ಸಂಬಳವಿಲ್ಲ. ಚಾರ್ಟು, ರೆಕಾರ್ಡು, ಯೂನಿಫಾರ್ಮ್ ಸೀರೆ, ಬಸ್ಸು, ಎಲ್ಲವೂ ನಮ್ಮದೇ ಖರ್ಚು.

2019ರಲ್ಲಿ ಓದು ಮುಗಿದಾಗ 38,000 ರೂಪಾಯಿ ಫೀಸು ಬಾಕಿಯಿತ್ತು. ಸೇರುವಾಗಲೇ ಹತ್ತನೆಯದು, ಪ್ಲಸ್ ಟೂ, ಡಿಗ್ರಿಯ ಅಸಲು ಅಂಕಪಟ್ಟಿಗಳನ್ನು ಕಾಲೇಜಿನವರು ತೆಗೆದಿಟ್ಟುಕೊಂಡಿದ್ದರು. “ಬಾಕಿ ಕಟ್ಟಮ್ಮ, ತಗೊಂಡು ಹೋಗು” ಎಂದರು ಆಫೀಸಿನಲ್ಲಿ. ಅಪ್ಪ ಕೈಮುಗಿದು ಒಂದು ತಿಂಗಳ ಗಡುವು ಕೇಳಿದರು. ಬೀರುವಿನ ಬಾಗಿಲು ತೆರೆಯಲಿಲ್ಲ.

ತಿರುಪ್ಪೂರಿಗೆ ಹೋದೆ. ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ. ಬೆಳಗ್ಗೆ ಎಂಟೂವರೆಯಿಂದ ರಾತ್ರಿ ಒಂಬತ್ತರವರೆಗೆ ಒಂದೂವರೆ ಶಿಫ್ಟು, ಶನಿವಾರ ಸಂಬಳ. ಹೊಲಿಗೆ ಬಿಟ್ಟ ಬನಿಯನ್ನು ಬೇರೆ ಇಡಬೇಕು, ಜೋತುಬಿದ್ದ ನೂಲು ಕತ್ತರಿಸಬೇಕು. ಪಕ್ಕದ ಮೇಜಿನ ಅಕ್ಕನ ಮಗನಿಗೆ ಊಟದ ಹೊತ್ತಿನಲ್ಲಿ ಫೋನಿನಲ್ಲೇ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ನಾನು ಟೀಚರ್ ಎಂದು ನಂಬಿದ್ದವನು ಆಗ ಅವನೊಬ್ಬನೇ.

22,000 ಕೂಡಿಟ್ಟಿದ್ದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಕಂಪನಿ ಮುಚ್ಚಿತು, ಅಷ್ಟೂ ಅಕ್ಕಿಗೆ, ಬಡ್ಡಿಗೆ ಹೋಯಿತು. ಮರುವರ್ಷ ಅವಿನಾಶಿಯ ಕಡೆ ಒಂದು ಶಾಲೆಯಲ್ಲಿ ಗಣಿತಕ್ಕೆ ಜಾಗ ಖಾಲಿಯಿತ್ತು. ಪಾಠ ಮಾಡಿ ತೋರಿಸಿದೆ, ಮೆಚ್ಚಿದರು. “ಒರಿಜಿನಲ್ ಎಲ್ಲಿ?” ಎಂದರು. ಜೆರಾಕ್ಸ್ ಮಡಚಿಕೊಂಡು ಹೊರಗೆ ಬಂದೆ. ಬಸ್ ಸ್ಟಾಪಿನವರೆಗೂ ಅಳು ತಡೆದುಕೊಂಡಿದ್ದೆ.

ಕೊನೆಗೆ ಅಪ್ಪ ಒಂದು ಮಗ್ಗ ಮಾರಿದರು. ಎರಡೂವರೆ ವರ್ಷದ ಮೇಲೆ ಕೈಗೆ ಬಂದ ಅಂಕಪಟ್ಟಿಗಳ ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕು ಹತ್ತಿತ್ತು.

ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಬರೆದದ್ದು 2023ರ ಫೆಬ್ರವರಿಯಲ್ಲಿ. 150ಕ್ಕೆ 87 ಬಂತು. ಹಿಂದುಳಿದ ವರ್ಗದ ನಮಗೆ ಆಗ 82 ಸಾಕಿತ್ತು. ಆದರೆ ರಾಜ್ಯ ಸರ್ಕಾರದ 2018ರ ಆದೇಶದಂತೆ ಟಿಇಟಿ ಪಾಸಾದವರು ನೇಮಕಕ್ಕೆ ಇನ್ನೊಂದು ಸ್ಪರ್ಧಾ ಪರೀಕ್ಷೆ ಬರೆಯಬೇಕು. ಅದು 2024ರ ಫೆಬ್ರವರಿಯಲ್ಲಿ ನಡೆಯಿತು. ಕೋಚಿಂಗಿಗೆ ದುಡ್ಡಿರಲಿಲ್ಲ, ರಜೆ ಹಾಕಿದರೆ ಸಂಬಳವಿರಲಿಲ್ಲ. ಪಟ್ಟಿಯಲ್ಲಿ ನನ್ನ ನಂಬರ್ ಬರಲಿಲ್ಲ.

ಈಗ ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 11,000ಕ್ಕೆ ಪಾಠ ಮಾಡುತ್ತಿದ್ದೇನೆ. ಚೆಕಿಂಗ್ ಮೇಜಿನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಅಮ್ಮನ ಓಲೆ ಇನ್ನೂ ಬಿಡಿಸಿಲ್ಲ.

ಕಾಲೇಜುಗಳು ವಿದ್ಯಾರ್ಥಿಗಳ ಅಸಲು ಪ್ರಮಾಣಪತ್ರ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಅಕ್ಟೋಬರಿನಲ್ಲೇ ಹೇಳಿತ್ತು. ನಾನು ಆಗ ಅದೇ ಕಾಲೇಜಿನಲ್ಲಿ ಓದುತ್ತಿದ್ದೆ, ಯಾರೂ ತಿಳಿಸಲಿಲ್ಲ. ಮಕ್ಕಳನ್ನು ಬಿ.ಎಡ್.ಗೆ ಸೇರಿಸುವ ಅಪ್ಪ ಅಮ್ಮಂದಿರಲ್ಲಿ ಕೇಳಿಕೊಳ್ಳುತ್ತೇನೆ: ಅಸಲನ್ನು ತೋರಿಸಿ, ಪರಿಶೀಲನೆ ಮುಗಿದ ಕೂಡಲೇ ವಾಪಸು ತನ್ನಿ. ಅವರ ಬೀರುವಿಗೆ ಜೆರಾಕ್ಸ್ ಮಾತ್ರ ಕೊಡಿ.